ನಮ್ಮ ಮನೆತನದ ಉಗುಳು

ಒಂಬತ್ತು ವರ್ಷದ ಮಗಳ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಆಣೆ ಮಾಡಿಸಿದ ಅಪ್ಪ ನಾನು. ಅವಳ ಅಪರಾಧ ಏನೆಂದರೆ, ಬಲಗಡೆಯ ದವಡೆ ಹಲ್ಲಿನಲ್ಲಿ ಜೋಳದ ಕಾಳಿನ ಅರ್ಧದಷ್ಟು ಕರಿ ತೂತು. ಅದು ಹಾಲುಹಲ್ಲಲ್ಲ. ಬಿದ್ದರೆ ಮತ್ತೆ ಬರದ, ಜೀವಮಾನವಿಡೀ ಬಾಳಬೇಕಾದ ಹಲ್ಲು. ಹಾಲುಹಲ್ಲುಗಳಲ್ಲಿ ಐದನ್ನು ಅವಳು ಆಗಲೇ ಹುಳುಕಿಗೆ ಕಳೆದುಕೊಂಡಿದ್ದಳು. ಒಂದೊಂದು ಹೋದಾಗಲೂ ನಾನು ಒಂದೊಂದು ಹೊಸ ಕಾನೂನು ತಂದಿದ್ದೆ. ಮೊದಲನೆಯದಕ್ಕೆ ಚಾಕಲೇಟು ಬಂದ್. ಎರಡನೆಯದಕ್ಕೆ ಬಿಸ್ಕೀಟು. ಮೂರನೆಯದಕ್ಕೆ ಬೆಲ್ಲದ ಡಬ್ಬಿಗೆ ಬೀಗ. ನಾಲ್ಕನೆಯದಕ್ಕೆ ಹಲ್ಲುಜ್ಜುವಾಗ ಪಕ್ಕದಲ್ಲಿ ನಿಂತು ನೂರಿಪ್ಪತ್ತರವರೆಗೆ ಎಣಿಸುವುದು. ಐದನೆಯದಕ್ಕೆ ಶಾಲೆಯಿಂದ ಬಂದ ಕೂಡಲೇ ಚೀಲ ತಪಾಸಣೆ. ಹಲ್ಲುಗಳಿಗೆ ನನ್ನ ಕಾನೂನುಗಳು ಅರ್ಥವಾಗಲಿಲ್ಲ. ಅವು ತಮ್ಮಷ್ಟಕ್ಕೆ ಹುಳುಕುತ್ತಲೇ ಇದ್ದವು.

ಜಹೀರಾಬಾದಿನಲ್ಲಿ ನಾನು ವಿಮೆ ಏಜೆಂಟ. ಜನರಿಗೆ ಬರಬಹುದಾದ ಕೆಟ್ಟದ್ದನ್ನೆಲ್ಲ ಅವರಿಗಿಂತ ಮೊದಲು ಯೋಚಿಸುವುದೇ ನನ್ನ ಹೊಟ್ಟೆಪಾಡು. ಮನೆಗೆ ಬಂದ ಮೇಲೂ ಆ ಅಂಗಡಿ ಮುಚ್ಚುವುದಿಲ್ಲ. ಗ್ಯಾಸಿನ ಗುಂಡಿ ಬಂದ್ ಆಗಿದೆಯೋ ಇಲ್ಲವೋ ನೋಡಲು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದ ದಾಖಲೆ ನನ್ನದು. ಇಪ್ಪತ್ತು ವರ್ಷದಿಂದ ಕನ್ನಡ, ತೆಲುಗು, ದಖನಿ ಮೂರರಲ್ಲೂ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದೇನೆ: ನಿಮ್ಮ ತಂದೆ, ತಾಯಿ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇತ್ತೇ? ಬಿ.ಪಿ.? ಹೃದಯದ ತೊಂದರೆ? ಕಾಯಿಲೆಗಳು ಹೊಲದ ಪಾಲಿನಂತೆ ಅಪ್ಪನಿಂದ ಮಗನಿಗೆ ಇಳಿದು ಬರುತ್ತವೆಂದು ನನಗಿಂತ ಚೆನ್ನಾಗಿ ಗೊತ್ತಿರುವವನು ಈ ಊರಿನಲ್ಲಿ ಯಾರಿದ್ದಾನೆ? ಆದರೆ ಫಾರ್ಮಿನಲ್ಲಿ ಹಲ್ಲಿಗೆ ಅಂತ ಸಾಲೇ ಇರಲಿಲ್ಲ. ಫಾರ್ಮಿನಲ್ಲಿಲ್ಲದ್ದು ನನ್ನ ತಲೆಯಲ್ಲೂ ಇರಲಿಲ್ಲ.

ಇರಬೇಕಿತ್ತು. ನನ್ನ ಬಾಯಲ್ಲೇ ಏಳು ಫಿಲ್ಲಿಂಗು, ಎರಡು ಕಡೆ ಖಾಲಿ ಜಾಗ. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಹಲ್ಲುನೋವಿಗೆಂದು ಸದಾ ನಾಲ್ಕು ಲವಂಗ. ಹಲ್ಲು ಕೆಟ್ಟದ್ದಕ್ಕೆ ನಾನು ಕೊಟ್ಟುಕೊಂಡ ಕಾರಣ ಚಹಾ. ದಿನಕ್ಕೆ ಹನ್ನೆರಡು ಮನೆ, ಹನ್ನೆರಡು ಕಪ್ಪು. ಅಪ್ಪನಿಗೆ ಐವತ್ತಕ್ಕೆ ಒಂದೂ ಹಲ್ಲಿರಲಿಲ್ಲ, ಅದಕ್ಕೆ ಕಾರಣ ತಂಬಾಕು. ದೊಡ್ಡಪ್ಪನದು ಅಡಿಕೆ. ನಮ್ಮ ಮನೆತನದಲ್ಲಿ ಹಲ್ಲು ಹೋದ ಪ್ರತಿಯೊಬ್ಬನಿಗೂ ಸ್ವಂತದ್ದೊಂದು ಕಾರಣವಿತ್ತು. ಇಷ್ಟು ಕಾರಣಗಳನ್ನು ಒಂದು ಕಡೆ ರಾಶಿ ಹಾಕಿ ನೋಡಿದವನು ಒಬ್ಬನೂ ಇರಲಿಲ್ಲ.

ಆದರೆ ಮಗಳ ವಿಷಯಕ್ಕೆ ಕಾರಣ ಹುಡುಕುವ ತೊಂದರೆಯನ್ನೇ ನಾವು ತೆಗೆದುಕೊಳ್ಳಲಿಲ್ಲ. ಕಾರಣ ಸಿದ್ಧವಿತ್ತು: ನನ್ನ ಹೆಂಡತಿ.

ಅವಳು ತಾಂಡೂರಿನ ಹುಡುಗಿ. ಊಟ ಮುಗಿದ ಮೇಲೆ ಒಂದು ತುಣುಕು ಬೆಲ್ಲ ಬಾಯಿಗೆ ಹಾಕಿಕೊಳ್ಳದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ನಲವತ್ತರ ವಯಸ್ಸಿನಲ್ಲೂ ಕಬ್ಬನ್ನು ಹಲ್ಲಿನಿಂದಲೇ ಸಿಗಿಯುತ್ತಾಳೆ. ಹಲ್ಲುಗಳು ಅವಳ ಊರಿನ ಹೆಸರುವಾಸಿ ಹಾಸುಗಲ್ಲಿನ ಹಾಗೆ ಸಾಲಾಗಿ, ಗಟ್ಟಿಯಾಗಿ ಕೂತಿವೆ. ಬೆಲ್ಲ ತಿನ್ನುವವಳ ಹಲ್ಲು ನೆಟ್ಟಗಿದ್ದು, ತಿನ್ನದವಳ ಹಲ್ಲು ಹುಳುಕಿದ್ದನ್ನು ದಿನಾ ಒಂದೇ ತಟ್ಟೆಯ ಮುಂದೆ ಕೂತು ನೋಡಿದೆ. ನೋಡಿಯೂ ಬೆಲ್ಲದ್ದೇ ತಪ್ಪು ಅಂದೆ.

ಇದರಲ್ಲಿ ನನಗೆ ಗುರು ನಾರಾಯಣಖೇಡದಲ್ಲಿರುವ ನನ್ನ ಸೋದರತ್ತೆ, ಅಪ್ಪನ ಅಕ್ಕ. ನನ್ನ ತಾಯಿ ಬೇಗ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಎಪ್ಪತ್ತು ದಾಟಿದರೂ ಬಾಯಿ ತುಂಬ ಬೆಳ್ಳಗಿನ ಹಲ್ಲು. ನಮ್ಮ ಕುಲದಲ್ಲಿ ಹಲ್ಲು ಉಳಿಸಿಕೊಂಡವಳು ಅವಳೊಬ್ಬಳೇ ಎಂದು ನಾವೆಲ್ಲ ಅವಳನ್ನು ಹಲ್ಲಿನ ವಿಷಯದಲ್ಲಿ ಕೊನೆಯ ಮಾತು ಅಂತ ಒಪ್ಪಿದ್ದೆವು. ಪ್ರತಿ ಭಾನುವಾರ ಫೋನು.

"ಯಪ್ಪಾ, ಕೂಸಿನ ಹಲ್ಲು ಹ್ಯಾಂಗ ಅವ?"

"ಇನ್ನೊಂದು ಹೋತು ಅತ್ತಿ."

"ಹೋಗಲಾರದೆ ಏನು? ಬಸರಿದ್ದಾಗ ನಿನ್ನ ಹೇಣ್ತಿ ಬೆಲ್ಲದ ಪೆಂಟಿ ಮುಂದಿಟಕೊಂಡು ಕುಂತಿದ್ಲು. ಮ್ಯಾಲ ಆ ತಾಂಡೂರ ಮುದುಕಿ ರೊಟ್ಟಿ ಅಗದು ಅಗದು ಕೂಸಿನ ಬಾಯಾಗ ಇಟ್ಲು. ಕಂಡವರ ಎಂಜಲ ತಿಂದ ಬಾಯಿ ಎಲ್ಲಿ ಉಳೀತದ?"

ತಾಂಡೂರ ಮುದುಕಿ ಎಂದರೆ ನನ್ನ ಅತ್ತೆ, ಹೆಂಡತಿಯ ತಾಯಿ. ಹೆಂಡತಿ ಬಾಣಂತನದ ನಂತರ ತವರಿನಲ್ಲಿದ್ದಾಗ, ಕೂಸಿಗೆ ಇನ್ನೂ ಹಲ್ಲು ಬಾರದ ದಿನಗಳಲ್ಲಿ, ಜೋಳದ ರೊಟ್ಟಿಯ ತುಣುಕನ್ನು ಮೆತ್ತಗೆ ಅಗಿದು ತಿನ್ನಿಸಿದ್ದು ನಿಜ. ನಮ್ಮ ಕಡೆ ಅಜ್ಜಿಯರು ಮಾಡುತ್ತಿದ್ದದ್ದೇ ಅದು. ನನಗೂ ಹಾಗೇ ತಿನ್ನಿಸಿದ್ದರು, ಬಹುಶಃ ಇದೇ ಸೋದರತ್ತೆ. ಆದರೆ ನಮ್ಮ ಮನೆಯ ಎಂಜಲು ಪ್ರೀತಿ, ತಾಂಡೂರಿನ ಎಂಜಲು ರೋಗ. ಇದನ್ನೂ ನಂಬಿದೆ. ಎರಡು ವರ್ಷ ಮಗಳನ್ನು ಅಜ್ಜಿಯ ಮನೆಗೆ ಕಳಿಸಲಿಲ್ಲ. ಪರೀಕ್ಷೆ ಇದೆ, ಬಿಸಿಲಿದೆ, ಬಸ್ಸು ಸರಿಯಿಲ್ಲ ಅಂತ ಏನೇನೋ ಹೇಳಿದೆ. ಬರೆಯುತ್ತಿರುವಾಗ ನನ್ನ ಮೇಲೆ ನನಗೇ ಉರಿಯುತ್ತಿದೆ.

ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಏನಕ್ಕೋ ಜೋರಾಗಿ ನಕ್ಕಿದ್ದಳು. ಸೋದರತ್ತೆ ಎಲ್ಲರ ಎದುರೇ ತಿದ್ದಿದಳು: "ನಮ್ಮ ಮನ್ಯಾಗ ಹೆಣ್ಮಕ್ಳು ಬಾಯಿಗೆ ಸೆರಗು ಹಿಡದು ನಗ್ತಾರ." ನಿಜವೇ. ನಮ್ಮ ಮನೆಯ ಹೆಂಗಸರು ಹಾಗೇ ನಗುತ್ತಿದ್ದರು, ಗಂಡಸರು ತುಟಿ ಮುಚ್ಚುವಷ್ಟು ದಪ್ಪ ಮೀಸೆ ಬಿಡುತ್ತಿದ್ದರು. ಅದು ಮನೆತನದ ಗತ್ತು ಅಂತ ನನಗೆ ಹೆಮ್ಮೆ. ಬೇರೆಯವರ ಮನೆಯಲ್ಲಿ ಬಾಯಿ ತೆರೆದು ನಗುವವರನ್ನು ಕಂಡರೆ ಸ್ವಲ್ಪ ಕೀಳಾಗಿಯೇ ನೋಡುತ್ತಿದ್ದೆ.

ಆ ಸೋಮವಾರ ಬೆಳಿಗ್ಗೆ ಚೀಲ ಮತ್ತೊಮ್ಮೆ ತೆಗೆದು ನೋಡಿದಾಗ ಚಾಕಲೇಟಿನ ಕಾಗದ ಸಿಕ್ಕಿತು. ಬಂಗಾರದ ಬಣ್ಣದ್ದು, ಪುಸ್ತಕದ ನಡುವೆ ನೀಟಾಗಿ ಇಟ್ಟದ್ದು. ಹಿಂದಿನ ವಾರವಷ್ಟೇ ದವಡೆ ಹಲ್ಲಿನ ತೂತು ನೋಡಿದ್ದ ನನಗೆ ಕೇಸು ಮುಗಿದಂತಾಯಿತು. ಅವಳು ಪೂಜೆಗೆ ಕೂತಿದ್ದಳು. ನಮ್ಮಲ್ಲಿ ದಿನಾ ಬೆಳಿಗ್ಗೆ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡಿಯೇ ಮುಂದಿನ ಕೆಲಸ.

"ಇದೇನು?"

"ಗೆಳತಿ ಹುಟ್ಟಿದಬ್ಬ ಇತ್ತು ಪಪ್ಪಾ. ನಂದು ಆಕಿಗೇ ವಾಪಸ್ ಕೊಟ್ಟೆ. ಕಾಗದ ಚಂದಿತ್ತು, ಇಟ್ಕೊಂಡೆ."

"ಲಿಂಗ ಕೈಯಾಗದ. ಅದರ ಮ್ಯಾಲ ಆಣಿ ಮಾಡಿ ಹೇಳು."

ಅವಳು ಲಿಂಗವನ್ನು ನೋಡಿದಳು, ನನ್ನನ್ನು ನೋಡಿದಳು. "ಶಿವನಾಣಿ, ನಾ ತಿಂದಿಲ್ಲ."

"ಮತ್ತ ಹಲ್ಲಿನಾಗ ತೂತು ಎಲ್ಲಿಂದ ಬಂತು?"

"ಗೊತ್ತಿಲ್ಲ."

"ಲಿಂಗ ಹಿಡದು ಸುಳ್ಳು ಹೇಳ್ತೀ?"

ಲಿಂಗವನ್ನು ನಂಬುವವನಾಗಿದ್ದರೆ ನಾನು ಅವಳ ಮಾತನ್ನು ನಂಬಬೇಕಿತ್ತು. ನಂಬದವನಾಗಿದ್ದರೆ ಆಣೆ ಮಾಡಿಸಬಾರದಿತ್ತು. ಆಣೆಯನ್ನೂ ಮಾಡಿಸಿ, ಅದಕ್ಕಿಂತ ಒಂದು ತೂತನ್ನೇ ಹೆಚ್ಚು ನಂಬಿದ ನನ್ನ ಹಾಗಿನ ಭಕ್ತ ಇನ್ನೊಬ್ಬನಿರಲಾರ. ಅವಳು ಅಳಲಿಲ್ಲ. ಲಿಂಗವನ್ನು ಕರಡಿಗೆಗೆ ಹಾಕಿ, ದಾರ ಕೊರಳಿಗೆ ಹಾಕಿಕೊಂಡು, ಶಾಲೆಗೆ ಹೋದಳು. ಸಂಜೆಯಿಂದ ಮಾತು ನಿಂತಿತು. ಕೇಳಿದ್ದಕ್ಕೆ ತಲೆಯಾಡಿಸುವುದು, ಅಷ್ಟೇ.

ಮರುದಿನ ಹೆಂಡತಿ ಚೀಲ ಕಟ್ಟಿದಳು.

"ಎಲ್ಲಿಗೆ?"

"ತಾಂಡೂರಿಗೆ. ಈ ಪೋರಿ ಬಾಯಿ ತೆರೀಲಾರದೆ ಕುಂತಾಳಲ್ರಿ, ಅದು ಹಲ್ಲಿನ ಸಲುವಾಗಿ ಅಲ್ಲ. ನಿಮಗ ತಿಳೀಲಿಲ್ಲ ಅಂದ್ರ ನಾ ಏನು ಹೇಳ್ಲಿ?"

ಗುರುವಾರ ಫೋನು ಬಂತು. ದವಡೆ ಬಾತಿದೆ, ಮಗಳು ಊಟ ಬಿಟ್ಟಿದ್ದಾಳೆ, ಅಲ್ಲೊಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ, ನಾಳೆ ಬನ್ನಿ. ವಿಕಾರಾಬಾದಿನಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ದವಡೆಯ ಕೀವು ಮಿದುಳಿಗೆ ಏರುವ ಚಿತ್ರಗಳನ್ನು ಒಂದಾದ ಮೇಲೊಂದು ನೋಡುತ್ತ, ಎರಡು ಲವಂಗ ಅಗಿದು ತಾಂಡೂರು ಮುಟ್ಟಿದೆ. ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಬಿಳಿ ಧೂಳು ಆ ದಿನ ನನ್ನ ಕಣ್ಣಿಗೆ ಹಲ್ಲು ಕೊರೆದ ಪುಡಿಯ ಹಾಗೆಯೇ ಕಂಡಿತು.

ಡಾಕ್ಟರಮ್ಮ ಬೀದರ ಕಡೆಯವರು, ಸಣ್ಣ ವಯಸ್ಸು. ಮಗಳನ್ನು ಕುರ್ಚಿಯಲ್ಲಿ ಒರಗಿಸಿ, ಕನ್ನಡಿ ಹಾಕಿ ಬಹಳ ಹೊತ್ತು ನೋಡಿದರು.

"ಹಲ್ಲು ಚೊಕ್ಕ ತಿಕ್ಕೀದಿ ಮಗಾ. ಚಾಕಲೇಟು ಭಾಳ ತಿಂತೀ ಏನು?"

ಸೋಮವಾರ ಸಂಜೆಯಿಂದ ನನ್ನ ಹತ್ತಿರ ಒಂದು ಮಾತೂ ಆಡದಿದ್ದ ಹುಡುಗಿ ಸ್ಪಷ್ಟವಾಗಿ ಹೇಳಿದಳು: "ಹೂಂ. ತಿಂತೀನಿ. ಕದ್ದು ತಿಂತೀನಿ."

ನನಗೆ ಮೊದಲು ಬಂದ ಯೋಚನೆ, ನಾಚಿಕೆ ಬಿಟ್ಟು ಬರೆಯುತ್ತೇನೆ, "ನೋಡಿದೆಯಾ, ನಾ ಹೇಳಿರಲಿಲ್ಲವೇ?" ಎಂಬುದೇ. ಆಮೇಲೆ ಅವಳ ಮುಖ ನೋಡಿದೆ. ಸಿಕ್ಕಿಬಿದ್ದ ಮಗುವಿನ ಮುಖವಲ್ಲ ಅದು. ಅಂಗಡಿಯಲ್ಲಿ ಗದ್ದಲ ಬೇಡವೆಂದು ಕೇಳಿದಷ್ಟು ಕೊಟ್ಟು ಹೊರಡುವವರ ಮುಖ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಹಿಂಗ ಅನ್ನಾಕ ಈಕಿಗೆ ಯಾರ್ರಿ ಕಲಿಸಿದ್ದು?"

ಅವರು ಹೆಂಡತಿಯ ಬಾಯಿ ನೋಡಿದರು. ಒಂದೂ ಹುಳುಕಿಲ್ಲ. ಆಮೇಲೆ ನನಗೆ ಅಂದರು, "ಒಂದೆರಡು ಮಿನಿಟು ನೀವು ಕೂಡ್ರಿ."

"ನಂದೇನಿಲ್ರಿ, ಹುಡುಗಿಗೆ ತೋರಸಾಕ ಬಂದೀವಿ."

"ಕೂಡ್ರಿ ಅಂದ್ನೆಲ್ರಿ."

ಕೂತೆ. ಎಣಿಸಿದರು. ಏಳು ಫಿಲ್ಲಿಂಗು, ಎರಡು ಖಾಲಿ, ನನಗೇ ಗೊತ್ತಿರದ ಮೂರು ಹೊಸ ತೂತು. ಆಮೇಲೆ ಕೇಳಿದರು: "ನಿಮ್ಮ ತಂದಿ, ತಾಯಿ, ಅಣ್ಣತಮ್ಮರು, ಯಾರದರ ಹಲ್ಲು ಬೇಗ ಹೋಗ್ಯಾವೇನು?"

ನನ್ನ ಪ್ರಶ್ನೆ. ನನ್ನ ಹೊಟ್ಟೆಪಾಡಿನ ಪ್ರಶ್ನೆ. ಇಪ್ಪತ್ತು ವರ್ಷ ಬೇರೆಯವರಿಗೆ ಕೇಳಿದ್ದನ್ನು ಬಾಯಿ ತೆರೆದು ಬೆಳಕಿನ ಕೆಳಗೆ ಮಲಗಿದ್ದಾಗ ನನಗೆ ಕೇಳಿದರು. ಅಪ್ಪ, ದೊಡ್ಡಪ್ಪ, ದೊಡ್ಡಪ್ಪನ ಇಬ್ಬರು ಮಕ್ಕಳು, ತಂಬಾಕು, ಅಡಿಕೆ, ಚಹಾ ಅಂತ ಎಲ್ಲವನ್ನೂ ಒಪ್ಪಿಸಿದೆ. ಕೊನೆಗೆ, ಮನೆತನದ ಮಾನ ಉಳಿಸಲು, "ಆದ್ರ ಎಲ್ಲರದೂ ಹಂಗಿಲ್ರಿ. ನಮ್ಮ ಸೋದರತ್ತಿಗೆ ಎಪ್ಪತ್ತು ದಾಟ್ಯಾವ, ಒಂದು ಹಲ್ಲು ಹೋಗಿಲ್ಲ," ಅಂದೆ. ಹೆಂಡತಿ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನೇ ನೋಡುತ್ತಿದ್ದಳು.

ಡಾಕ್ಟರಮ್ಮ ಕೈಗವಸು ತೆಗೆದು, ಸ್ಟೂಲು ಎಳೆದುಕೊಂಡು, ಮಗಳಿಗೂ ಕೇಳುವ ಹಾಗೆ ಹೇಳಿದರು.

"ಉಗುಳು ಅಂದ್ರ ಬರೇ ನೀರಲ್ರಿ. ಅದ್ರಾಗ ನಮೂನಿ ನಮೂನಿ ಪ್ರೋಟೀನು ಇರ್ತಾವ. ಹಲ್ಲು ತಿಕ್ಕಿ ಬಾಯಿ ಮುಕ್ಕಳಿಸಿದ ಸ್ವಲ್ಪ ಹೊತ್ತಿನಾಗ ಅವು ಹಲ್ಲಿನ ಮ್ಯಾಲ ಒಂದು ತೆಳ್ಳನ ಪದರು ಕಟ್ತಾವ. ಎಲ್ಲರ ಬಾಯಾಗೂ ಕಟ್ತಾವ. ಆದ್ರ ಕೆಲವರ ಪದರಿಗೆ ಹುಳುಕು ಮಾಡೋ ಕ್ರಿಮಿ ಸಲೀಸಾಗಿ ಅಂಟಿ ಕೂಡ್ತಾವ, ಕೆಲವರದಕ್ಕ ಅಷ್ಟು ಅಂಟಂಗಿಲ್ಲ. ಯಾರಿಗೆ ಯಾವ ನಮೂನಿ ಪ್ರೋಟೀನು ಅನ್ನೋದು ಹುಟ್ಟಿದಾಗಲೇ ಅವ್ವ-ಅಪ್ಪನಿಂದ ಬಂದಿರ್ತದ. ಮೂಗು ಬಂದಂಗ, ಕಣ್ಣು ಬಂದಂಗ."

"ಹಂಗಂದ್ರ ಇದು ನಮ್ಮ ಕಡಿಂದ?"

"ಖಾತ್ರಿ ಹೇಳಂಗಿಲ್ರಿ. ಇಲ್ಲಿ ಅದರ ಪರೀಕ್ಷಾ ಇಲ್ಲ, ಓದೋರು ಇನ್ನೂ ಓದಾಕತ್ತಾರ. ಸಕ್ಕರಿ ಕೆಟ್ಟದ್ದು ಅನ್ನೋದು ಸುಳ್ಳಲ್ಲ, ಹಲ್ಲು ತಿಕ್ಕೋದು ಬಿಡಂಗಿಲ್ಲ. ಆದ್ರ ಇಬ್ರು ಸಮಾ ತಿಂದು, ಸಮಾ ತಿಕ್ಕಿದ್ರೂ ಒಬ್ರದು ಹುಳುಕ್ತದ, ಒಬ್ರದು ಉಳೀತದ. ನಿಮ್ಮ ಮನ್ಯಾಗ ಎಲ್ಲರದೂ ಹಿಂಗ ಅಂದ್ರ, ಈಕಿ ಎಲ್ಲರಂಗ ತಿಕ್ಕಿದ್ರ ಸಾಲಂಗಿಲ್ಲ. ಹಲ್ಲಿಗೆ ಲೇಪ ಹಚ್ಚಬೇಕು, ದೌಡಿ ಹಲ್ಲಿನ ಸಂದು ಮುಚ್ಚಬೇಕು, ಮೂರು ತಿಂಗಳಿಗೊಮ್ಮಿ ತೋರಸ್ಬೇಕು. ಬೈದ್ರ ಹುಳುಕು ನಿಲ್ಲಂಗಿಲ್ರಿ."

ನಾನು ಕೊನೆಯ ಅಸ್ತ್ರ ಬಿಟ್ಟೆ. "ಈಕಿ ಅಜ್ಜಿ ರೊಟ್ಟಿ ಅಗದು ತಿನಿಸ್ಯಾರ್ರಿ. ಎಂಜಲದಿಂದ..."

"ಕ್ರಿಮಿ ಯಾರಿಂದರ ಬಂದೇ ಬರ್ತಾವ, ಅವ್ವನಿಂದ, ಅಪ್ಪನಿಂದ, ಮುದ್ದು ಕೊಟ್ಟೋರಿಂದ. ಅಗದು ತಿನ್ನಿಸೋದು ಒಳ್ಳೇದಲ್ಲ, ಬ್ಯಾಡ ಅಂತನೇ ಹೇಳ್ತೀನಿ. ಅದೊಂದರಿಂದಲೇ ಹಿಂಗಾತು ಅನ್ನಾಕ ಬರಂಗಿಲ್ಲ. ಆ ಅಜ್ಜಿ ಹಲ್ಲು ಹ್ಯಾಂಗ ಅವ?"

"ಶೇಂಗಾ ಕಟುಕಟು ತಿಂತಾಳ್ರಿ," ಅಂದಳು ಹೆಂಡತಿ, ಗೋಡೆಯಿಂದ ಕಣ್ಣು ತೆಗೆಯದೆ.

ಹೊರಗೆ ಬಂದ ಮೇಲೆ ಎಲ್ಲರಿಗೂ ಹಗುರವಾಗಬೇಕಿತ್ತು. ನನಗೆ ಮೈಯೆಲ್ಲ ಬೆಂಕಿ. ಐದು ಹಲ್ಲು, ಐದು ಕಾನೂನು, ಎರಡು ವರ್ಷ ಅಜ್ಜಿ ಇಲ್ಲದ ರಜೆ, ಕೈಯಲ್ಲಿ ಲಿಂಗ. ಇದೆಲ್ಲ ಒಂದು ಉಗುಳಿನ ಸಲುವಾಗಿ, ಅದೂ ಬಹುಶಃ ನನ್ನ ಉಗುಳು. ಅಲ್ಲೇ ರಸ್ತೆಯ ಬದಿಯಲ್ಲಿ ಮಗಳ ಮುಂದೆ ಬಗ್ಗಿ, "ತಪ್ಪಾತು ಮಗಾ," ಎನ್ನಲು ಹೊರಟೆ. ಹೆಂಡತಿ ತಡೆದಳು.

"ಇಲ್ಲಿ ಬ್ಯಾಡ್ರಿ. ನಾರಾಯಣಖೇಡಕ್ಕ ನಡೀರಿ. ಎಲ್ಲಿಂದ ಮಾತು ಶುರು ಆಗ್ಯಾದೋ ಅಲ್ಲೇ ಹೇಳ್ರಿ."

"ಅತ್ತಿ ಮುಂದ?"

"ಅತ್ತಿ ಮುಂದನೇ."

ಭಾನುವಾರ ನಾರಾಯಣಖೇಡ. ಮಗ ಸೊಸೆ ಮನೂರಿನಲ್ಲಿ ಯಾರದೋ ಮದುವೆಗೆ ಹೋಗಿದ್ದರಿಂದ ಸೋದರತ್ತೆ ಒಬ್ಬಳೇ ಇದ್ದಳು. ಪಡಸಾಲೆಯಲ್ಲಿ ಚಾಪೆ ಹಾಸಿ, ಚಹಾ ಕೊಟ್ಟು, ಮಗಳ ಗಲ್ಲ ಹಿಡಿದು ಬಾಯಿ ನೋಡಿದಳು.

"ಇನ್ನೂ ಬಾವು ಇಳದಿಲ್ಲ. ಏನವ್ವಾ, ನಿಮ್ಮವ್ವ ಬೆಲ್ಲ ಕೊಡೋದು ಬಿಟ್ಟಾಳೋ ಇಲ್ಲೋ?"

ಅಷ್ಟು ಸಾಕಾಯಿತು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ, ಅರ್ಧ ತಪ್ಪಾಗಿ, ಏರಿದ ದನಿಯಲ್ಲಿ. ಉಗುಳು, ಪ್ರೋಟೀನು, ಪದರು, ಅಪ್ಪ, ದೊಡ್ಡಪ್ಪ. ಸೋದರತ್ತೆ ಸೆರಗಿನ ಮರೆಯಲ್ಲಿ ನಕ್ಕಳು.

"ಉಗುಳಿಗೂ ಮನೆತನ ಅದ ಅಂತೇನು? ನಾಳಿ ಬೆವರಿಗೂ ಕುಲ ಕೇಳ್ತಾರ."

"ನಗಬ್ಯಾಡ ಅತ್ತಿ. ನಮ್ಮ ಮನ್ಯಾಗ ಯಾರ ಬಾಯಾಗ ಹಲ್ಲುಳದಾವ ಹೇಳು. ನಿನ್ನೊಬ್ಬಾಕೀನ ಬಿಟ್ಟು. ಅದನ್ನೂ ಹೇಳೀನಿ ಡಾಕ್ಟರಿಗೆ, ನಮ್ಮ ಅತ್ತಿಗೆ ಒಂದು ಹಲ್ಲು ಹೋಗಿಲ್ಲ ಅಂತ."

ಸೋದರತ್ತೆಯ ನಗು ನಿಂತಿತು. ನನ್ನನ್ನಲ್ಲ, ನನ್ನ ಹೆಂಡತಿಯನ್ನು ನೋಡಿದಳು.

"ನೀ ಹೇಳಿಲ್ಲೇನು?"

"ಇಲ್ರಿ ಅತ್ತಿ."

"ಇವಗೂ?"

"ಯಾರಿಗೂ ಹೇಳಿಲ್ರಿ. ನೀವೇ ಬ್ಯಾಡ ಅಂದಿದ್ರಿ."

ನಾನು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತ ಕೂತೆ. ಮಂದಿಯ ಗುಪ್ತ ಕಾಯಿಲೆಗಳನ್ನು ಮುಖ ನೋಡಿ ಹೇಳುತ್ತೇನೆ ಅಂತ ಜಂಬ ಪಡುವ ಏಜೆಂಟನಿಗೆ ಆಗಲೂ ತಿಳಿಯಲಿಲ್ಲ. ಸೋದರತ್ತೆಯೇ ಎದ್ದು ಗೋಡೆಯ ಕಡೆ ತಿರುಗಿ, ಬಾಯಿಂದ ಎರಡೂ ಸಾಲು ತೆಗೆದು, ಚಹಾದ ಬಸಿಯಲ್ಲಿ ಇಟ್ಟಳು. ತಿರುಗಿದಾಗ ಅದು ನಾನು ಒಮ್ಮೆಯೂ ನೋಡದ ಮುದುಕಿ.

ಹೆಂಡತಿ ಇದನ್ನು ಮದುವೆಯಾದ ವರ್ಷವೇ ಕಂಡಿದ್ದಳಂತೆ. ಹಬ್ಬಕ್ಕೆ ಬಂದಾಗ, ಬೆಳಿಗ್ಗೆ ಪೂಜೆಗೆ ಅಣಿ ಮಾಡುತ್ತ, ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ವಿಭೂತಿಯ ಹಿಂದೆ ಮುಚ್ಚಿಟ್ಟ ಬೆಳ್ಳಿ ಬಟ್ಟಲು ಸಿಕ್ಕಿತು. ತೀರ್ಥ ಅಂದುಕೊಂಡು, ಮುಚ್ಚಳ ತೆಗೆದು, ಕಣ್ಣಿಗೊತ್ತಿಕೊಂಡು, ಇನ್ನೇನು ಕುಡಿಯಬೇಕು, ಬಟ್ಟಲಿನೊಳಗಿಂದ ಹಲ್ಲು ನಕ್ಕವು. ಸ್ನಾನ ಮಾಡಿ ಬಂದ ಸೋದರತ್ತೆ ಬಾಯಿಗೆ ಸೆರಗು ಸುತ್ತಿಕೊಂಡು, ಹೊಸ ಸೊಸೆಯ ಮುಂದೆ ಕೈ ಮುಗಿದಿದ್ದಳು: ಸಾಯುವ ತನಕ ಯಾರಿಗೂ ಹೇಳಬ್ಯಾಡ. ಇವಳು ಹೇಳಲಿಲ್ಲ. ಹದಿನೈದು ವರ್ಷ. ಅದೇ ಬಾಯಿ ಫೋನಿನಲ್ಲಿ ಅವಳ ಬೆಲ್ಲವನ್ನೂ, ಅವಳ ತಾಯಿಯ ಎಂಜಲನ್ನೂ ಬೈಯುತ್ತಿದ್ದಾಗ ಪಕ್ಕದಲ್ಲೇ ನಿಂತು ರೊಟ್ಟಿ ಬಡಿಯುತ್ತಿದ್ದಳು.

ನನಗೆ ಅವಳ ಮೇಲೂ ಸಿಟ್ಟು ಬಂತು. "ಒಂದು ಮಾತು ಹೇಳಿದ್ರ ನಿನಗ ಏನಾಗ್ತಿತ್ತು?"

"ನನಗೇನು ಗೊತ್ರಿ, ಹಲ್ಲು ಹೊಲದಂಗ ಪಾಲಿಗೆ ಬರ್ತಾವ ಅಂತ? ಮುದುಕಿ ಹಲ್ಲು ಅಂತ ಸುಮ್ನಿದ್ದೆ. ಮೊನ್ನಿ ಆ ಡಾಕ್ಟರ್ ಹೇಳಿದಾಗ ತಿಳೀತು. ಮಾತು ಕೊಟ್ಟಿದ್ದೆ, ಅದಕ್ಕ ಅವರ ಬಾಯಿಂದೇ ಬರ್ಲಿ ಅಂತ ಇಲ್ಲಿಗೆ ಕರ್ಕೊಂಡು ಬಂದೆ." ನನ್ನ ಕಡೆ ತಿರುಗಿ, "ನಾ ಹೇಳಿದ್ರ ನೀವು ನಂಬ್ತಿದ್ರೇನು?" ಅಂದಳು.

ಸೋದರತ್ತೆ ಹಲ್ಲಿಲ್ಲದ ಬಾಯಿಂದ ತೊದಲುತ್ತ ಮಾತಾಡಿದಳು. ಇಪ್ಪತ್ತೆಂಟಕ್ಕೇ ಎಲ್ಲ ಹೋಗಿದ್ದವಂತೆ. ಕಣ್ಣು ತೋರಿಸುವ ನೆಪದಲ್ಲಿ ಹೈದರಾಬಾದಿಗೆ ಹೋಗಿ ಕಟ್ಟಿಸಿಕೊಂಡು ಬಂದಳಂತೆ. ಅವಳ ತಾಯಿಯ ಬಾಯಲ್ಲಿ ಮೂರೇ ಹಲ್ಲು. ಹುಳುಕು ಹಲ್ಲು ಕಂಡರೆ ಹೆಣ್ಣುಮಕ್ಕಳನ್ನು ಯಾರೂ ಮದುವೆಯಾಗಿ ಒಯ್ಯುವುದಿಲ್ಲ ಅಂತ ಸೆರಗು ಹಿಡಿದು ನಗಲು ಕಲಿಸಿದವಳು ಆ ತಾಯಿಯೇ. ಇಷ್ಟು ದಿನ ನಾನು ಮೆರೆಸಿದ ಗತ್ತು ಅದು!

"ನಮ್ಮವ್ವ ನನಗ ಭಾಳ ಹೊಡೀತಿದ್ಲು ಯಪ್ಪಾ. ಬೆಲ್ಲ ಕದ್ದು ತಿಂತೀ ಅಂತ."

"ಮತ್ತ ನೀ ತಿಂತಿದ್ದೇನು?"

"ತಿಂದಿರಬೇಕು ಅಂತಲೇ ನಾ ತಿಳಕೊಂಡೀನಿ. ದಿನಾ ತಿಂದಿ ತಿಂದಿ ಅಂದ್ರ, ಒಂದಿನ ಹೌದು ತಿಂದೆ ಅಂದೆ. ಆಮ್ಯಾಲ ನೆನಪೂ ಹಂಗೇ ಆತು. ಬೆಲ್ಲದ ಗಡಿಗಿ, ನಾ ಏಣಿ ಹತ್ತಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದಂಗದ. ಆದ್ರ ನಮ್ಮ ಮನ್ಯಾಗ ಆಗ ಏಣೀನೇ ಇರ್ಲಿಲ್ಲ."

ಅಷ್ಟು ಹೇಳಿ ಅವಳು ನನ್ನ ಮಗಳ ಕಡೆ ತೆವಳಿದಳು. "ನೀ ಹೇಳವ್ವಾ. ಖರೇ ಹೇಳು. ನೀ ತಿಂದೇನು?"

ಮಗಳು ಬಸಿಯಲ್ಲಿದ್ದ ಹಲ್ಲುಗಳನ್ನು ನೋಡುತ್ತಿದ್ದಳು. "ತಿಂದೀನಿ ಆಯಿ."

"ಬಂಗಾರದ ಕಾಗದದ್ದು?"

"ಹೂಂ. ಸಿಹಿ ಇತ್ತು."

ಸೋದರತ್ತೆ ಹಣೆ ಬಡಿದುಕೊಂಡಳು. ನನ್ನ ಹೆಂಡತಿಗೆ ತಪ್ಪಾಯಿತು ಎಂದಳೋ ಇಲ್ಲವೋ ನನಗೆ ನೆನಪಿಲ್ಲ. ಹೇಳಿರಲಿಕ್ಕಿಲ್ಲ. ನಾನು ಹೇಳಿದೆ. ಚಾಪೆಯ ಮೇಲೆ ಮಗಳ ಎದುರು ಕೂತು, ಅವಳ ಅವ್ವನ ಎದುರು, ಆಯಿಯ ಎದುರು, ನೀನು ತಿಂದಿಲ್ಲ, ನಾನು ನಿನ್ನ ಮೇಲೆ ಸುಳ್ಳು ಹೊರಿಸಿದೆ ಅಂತ ಎರಡು ಸಲ ಹೇಳಿದೆ. ಅವಳು ತಲೆಯಾಡಿಸಿದಳು. ಆಣೆ ಮಾಡಿಸಿದ ದಿನ ಸಂಜೆಯಿಂದ ಏನು ಕೇಳಿದರೂ ಹಾಗೇ ತಲೆಯಾಡಿಸಿದ್ದಳು.

ತಪ್ಪು ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಎಂಥ ಸೋಮಾರಿ ಯೋಚನೆ! ಬಾವು ಇಳಿದ ಮೇಲೆ ಹುಳುಕನ್ನು ಕೊರೆದು ತೆಗೆದು, ಸಿಮೆಂಟು ತುಂಬಿ, ಡಾಕ್ಟರಮ್ಮ ಅರ್ಧ ಗಂಟೆಯಲ್ಲಿ ಮುಗಿಸಿದರು. ನಾನು ತುಂಬಿದ್ದನ್ನು ಕೊರೆದು ತೆಗೆಯಲು ಯಾವ ಯಂತ್ರವೂ ಇಲ್ಲ. ಮೂರು ತಿಂಗಳಿಗೆ ಲೇಪ ಹಚ್ಚಿಸಲು ಹೋದಾಗ ಕುರ್ಚಿ ಹತ್ತುವ ಮುಂಚೆಯೇ, "ನಾ ಬೆಲ್ಲ ತಿಂದೀನ್ರಿ," ಅಂದಳು. ನಾನು ಪಕ್ಕದಿಂದ, "ತಿಂದಿಲ್ರಿ ಡಾಕ್ಟ್ರೇ," ಅಂದೆ. ಆರು ತಿಂಗಳಿಗೂ ಅದೇ ಮಾತು, ಅದೇ ಜವಾಬು. ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿ ದೀಪ ಹಚ್ಚಿದರು. ಹೊಸ ಹುಳುಕು ಒಂದೂ ಇರಲಿಲ್ಲ. ನನಗೆ ಖುಷಿಯಾಗಲಿಲ್ಲ.

ಹೋದ ವಾರ ಮತ್ತೆ ಹೋಗಿದ್ದೆವು. ಮಗಳಿಗೆ ಈಗ ಹತ್ತು. ಕುರ್ಚಿಯಲ್ಲಿ ಒರಗಿ, "ಮೊನ್ನಿ ಎರಡು ಪೇಢೆ ತಿಂದೀನ್ರಿ," ಅಂದಳು.

"ಇಲ್ರಿ, ತಿಂದಿಲ್ಲ," ಅಂದೆ, ಅಭ್ಯಾಸದಂತೆ.

ಅವಳು ಎದ್ದು ಕೂತಳು. ಕೊರಳಿಗೆ ಕಟ್ಟಿದ್ದ ಕಾಗದದ ಬಿಬ್ಬನ್ನು ಕಿತ್ತಳು. ಮುಖ ಕೆಂಪಾಗಿತ್ತು.

"ನಿಮಗ ಹ್ಯಾಂಗ ಗೊತ್ತು? ನೀವು ನೋಡೀರೇನು? ತಿಂದಿಲ್ಲ ಅಂದ್ರ ತಿಂದೀ ಅಂತ ನೀವ ಹೇಳ್ತೀರಿ, ತಿಂದೀನಿ ಅಂದ್ರ ತಿಂದಿಲ್ಲ ಅಂತ ನೀವ ಹೇಳ್ತೀರಿ. ಬಾಯಿ ನಂದದ. ಖರೇನ ಎರಡು ತಿಂದೀನಿ, ಮಮ್ಮಿ ಕೊಟ್ಟಾಳ, ತಿಂದು ಹಲ್ಲೂ ತಿಕ್ಕೀನಿ. ಚಾಕಲೇಟು ತಿಂದಿರ್ಲಿಲ್ಲ. ಪೇಢೆ ತಿಂದೀನಿ. ಬರಕೊಳ್ರಿ ಬೇಕಾದ್ರ!"

ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ನನ್ನ ಹೆಂಡತಿ ಅವಳಿಗೆ ಸುಮ್ಮನಿರು ಅನ್ನಲಿಲ್ಲ. ನಾನೂ ಅನ್ನಲಿಲ್ಲ.